ಜಗಳವಾಡಿ ಗಳಿಸಿದ ಬಿಡುವು: ಲಂಡನ್ನಿನಲ್ಲಿ ಅಡ್ಡಾಡುವುದರ ಬಗ್ಗೆ

(ಲಂಡನ್ನಿಗೆ ಹೊಸದಾಗಿ ಬಂದ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಊರಿಗೆ ಬಂದ ಹೊಸತರಲ್ಲಿ ಶನಿವಾರ, ಭಾನುವಾರ ಏನು ಮಾಡುವುದು ಎಂಬ ಚಿಂತೆಯೇ ಇರುವುದಿಲ್ಲ. ಗಡಿಯಾರದ ಗೋಪುರ ಇದೆ, ಟವರ್ ಬ್ರಿಡ್ಜ್ ಇದೆ, ಅರಮನೆ ಇದೆ. ಫೋಟೊ ತೆಗೆದು ಮನೆಯವರಿಗೆ ಕಳಿಸುತ್ತೀರಿ. ಆಮೇಲೆ ಒಂದು ಶನಿವಾರ ಪಟ್ಟಿ ಮುಗಿದಿರುತ್ತದೆ. ಹೊರಗೆ ಮೋಡ, ಒಳಗೆ ಚಿಕ್ಕ ರೂಮು, ಕೈಯಲ್ಲಿ ಫೋನು. ಎಲ್ಲಿಗೆ ಹೋದರೂ ದುಡ್ಡು ಖರ್ಚಾಗುತ್ತದೆ ಅನ್ನಿಸುತ್ತದೆ. ನಿಮ್ಮಲ್ಲಿ ಸುಮಾರು ಜನ ಈಗ ಅಲ್ಲೇ ಇದ್ದೀರಿ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ.

ಅಂಥ ಶನಿವಾರಗಳ ಬಗ್ಗೆ ಮಾತಾಡಲು ಬಂದಿದ್ದೇನೆ. ಈ ಊರಿನಲ್ಲಿ ಸುಮ್ನೆ ನಡೆಯಲು, ಸುಮ್ನೆ ಕೂರಲು ಬೇಕಾದಷ್ಟು ಜಾಗ ಇದೆ. ಟಿಕೆಟ್ ಇಲ್ಲ, ಯಾಕೆ ಬಂದೆ ಅಂತ ಕೇಳುವವರಿಲ್ಲ. ರಾಜರು ದೊಡ್ಡ ಮನಸ್ಸು ಮಾಡಿ ಕೊಟ್ಟರು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಕೆಲವನ್ನು ಕೊಟ್ಟಿದ್ದಾರೆ ನಿಜ. ಆದರೆ ನನಗೆ ಇಷ್ಟವಾದ ಜಾಗಗಳ ಕತೆ ಹುಡುಕುತ್ತಾ ಹೋದಾಗ ಬೇರೆಯೇ ಸಿಕ್ಕಿತು. ಒಬ್ಬ ಕೋರ್ಟಿಗೆ ಹೋಗಿದ್ದಾನೆ, ಇನ್ನೊಂದು ಕಡೆ ಜನ ಸೇರಿ ಬೇಲಿ ಮುರಿದಿದ್ದಾರೆ, ಮತ್ತೊಂದು ಕಡೆ ಕೂಲಿಯವರು ಜೈಲಿಗೆ ಹೋಗಿದ್ದಾರೆ. ನಮ್ಮ ಭಾನುವಾರದ ವಾಕಿಂಗ್ ಹಿಂದೆ ಇಷ್ಟೊಂದು ಜಗಳ ಇದೆ.

ಮೊದಲು ರಿಚ್‌ಮಂಡ್ ಪಾರ್ಕ್. ಊರಿನ ನೈಋತ್ಯಕ್ಕೆ, 2,300 ಎಕರೆಗಿಂತ ದೊಡ್ಡದು. ಒಳಗೆ ಆರುನೂರಕ್ಕೂ ಹೆಚ್ಚು ಜಿಂಕೆ ಬಯಲಲ್ಲೇ ಮೇಯುತ್ತಿರುತ್ತವೆ. 1637ರಲ್ಲಿ ಮೊದಲನೇ ಚಾರ್ಲ್ಸ್ ಬೇಟೆಗೆ ಬೇಕು ಅಂತ ಇದರ ಸುತ್ತ ಗೋಡೆ ಕಟ್ಟಿಸಿದ. ಒಳಗೆ ಜನರ ಜಮೀನೂ ಇತ್ತು, ಕಾಲುದಾರಿಯೂ ಇತ್ತು. ಗಲಾಟೆ ಬೇಡ ಎಂದು ನಡೆದುಹೋಗುವ ಹಕ್ಕನ್ನು ಉಳಿಸಿದ್ದರು. ನೂರು ವರ್ಷ ಕಳೆದ ಮೇಲೆ ಎರಡನೇ ಜಾರ್ಜ್‌ನ ಮಗಳು ಅಮೀಲಿಯಾ ಪಾರ್ಕಿನ ಅಧಿಕಾರಿಯಾದಳು. ಬೇಕಾದವರಿಗೆ ಮಾತ್ರ ಚೀಟಿ, ಉಳಿದವರಿಗೆ ಗೇಟು ಬಂದ್.

ಅಲ್ಲೇ ರಿಚ್‌ಮಂಡ್‌ನಲ್ಲಿ ಜಾನ್ ಲೂಯಿಸ್ ಅಂತ ಒಬ್ಬ ಇದ್ದ. ಬಿಯರ್ ತಯಾರಿಸುವ ಕಸುಬಿನವನು. ಬೇಕೆಂದೇ ಗೇಟಿನೊಳಗೆ ಕಾಲಿಡಲು ಹೋದ. ಕಾವಲಿನ ಹೆಂಗಸು ತಡೆದಳು. ಅವನಿಗೆ ಬೇಕಾಗಿದ್ದದ್ದೂ ಅದೇ! ನೇರ ಕೋರ್ಟಿಗೆ ಹೋದ. 1758ರಲ್ಲಿ ಗೆದ್ದ. ದಾರಿ ಗೇಟಾಗಿ ಬೇಕೋ, ಗೋಡೆ ಹತ್ತಿ ಇಳಿಯುವ ಏಣಿಯಾಗಿ ಬೇಕೋ ಎಂದು ನ್ಯಾಯಾಧೀಶರು ಕೇಳಿದರು. ಲೂಯಿಸ್ ಏಣಿ ಕೇಳಿದ. ಗೇಟಾದರೆ ಬೀಗ ಹಾಕಬಹುದು, ಜಿಂಕೆ ಓಡಿಹೋಗುತ್ತವೆ ಅಂತ ನೆಪ ಹೇಳಬಹುದು. ಏಣಿಗೆ ಬೀಗ ಎಲ್ಲಿ ಹಾಕುತ್ತಾರೆ? ಎಷ್ಟು ಚುರುಕು ನೋಡಿ. ಅರಮನೆಯವರೂ ಕಮ್ಮಿಯಿರಲಿಲ್ಲ. ಮೆಟ್ಟಿಲುಗಳನ್ನು ಒಂದಕ್ಕೊಂದು ದೂರ ದೂರ ಇಟ್ಟು ಏಣಿ ಮಾಡಿಸಿದರು. ಮಕ್ಕಳು, ಮುದುಕರು ಹತ್ತಲಾರದ ಹಾಗೆ. ಲೂಯಿಸ್ ಮತ್ತೆ ಕೋರ್ಟಿಗೆ ಹೋದ. ಮೆಟ್ಟಿಲು ಹತ್ತಿರವಾದವು.

ನೀವು ಅಲ್ಲಿಗೆ ಹೋದಾಗ ಯಾರೂ ನಿಮ್ಮನ್ನು ತಡೆಯುವುದಿಲ್ಲ. ಜಿಂಕೆಗಳಿಂದ ಮಾತ್ರ 50 ಮೀಟರ್ ದೂರ ಇರಿ. ಶರತ್ಕಾಲದಲ್ಲಿ ಗಂಡು ಜಿಂಕೆಗಳಿಗೆ ಸಿಟ್ಟು ಜಾಸ್ತಿ. ಇದೇ ಪಾರ್ಕಿನಲ್ಲಿ ಕಿಂಗ್ ಹೆನ್ರೀಸ್ ಮೌಂಡ್ ಎಂಬ ಒಂದು ದಿಬ್ಬ ಇದೆ. ಅದರ ಮೇಲೆ ನಿಂತು ಬೇಲಿಗಿಡಗಳ ನಡುವಿನ ಕಿಂಡಿಯಲ್ಲಿ ನೋಡಿದರೆ ಸುಮಾರು 16 ಕಿಲೋಮೀಟರ್ ದೂರದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುತ್ತದೆ. ಈ ನೋಟಕ್ಕೆ ಕಾನೂನಿನ ರಕ್ಷಣೆ ಇದೆ. ನಡುವೆ ಅಡ್ಡ ಬರುವ ಹಾಗೆ ಎತ್ತರದ ಕಟ್ಟಡ ಕಟ್ಟುವಂತಿಲ್ಲ. ಒಂದು ಕಿಂಡಿಯ ನೋಟಕ್ಕಾಗಿ ಇಡೀ ಊರು ಬಗ್ಗಿ ಕೂತಿದೆ ಅಂದರೆ ನನಗೆ ಈಗಲೂ ಸೋಜಿಗ. ಅಲ್ಲಿ ತಲೆಯ ಮೇಲೆ ಕಿರುಚಿಕೊಂಡು ಹಾರುವ ಹಸಿರು ಗಿಳಿಗಳನ್ನು ನೋಡಿ ಕಣ್ಣುಜ್ಜಿಕೊಳ್ಳಬೇಡಿ. ಅವು ನಮ್ಮ ಕಡೆಯ ಗಿಳಿಗಳೇ. ಪಂಜರದಿಂದ ತಪ್ಪಿಸಿಕೊಂಡವುಗಳ ಸಂತಾನ. ಇಂಗ್ಲೆಂಡಿನಲ್ಲಿ ಬಯಲಲ್ಲಿ ಮರಿ ಮಾಡಿದ್ದು ಮೊದಲು ದಾಖಲಾದದ್ದು 1969ರಲ್ಲಿ. ಈಗ ಅವುಗಳಿಗೆ ವೀಸಾದ ಚಿಂತೆಯಿಲ್ಲ.

ಹ್ಯಾಂಪ್‌ಸ್ಟೆಡ್ ಹೀತ್ ಕತೆಯೂ ಇದೇ ಜಾತಿಯದು. ಅಲ್ಲಿನ ಜಮೀನ್ದಾರ ಮನೆ ಕಟ್ಟಿ ಮಾರಲು 1829ರಿಂದ ಹೊಂಚು ಹಾಕುತ್ತಲೇ ಇದ್ದ. ಊರಿನವರು ನಲವತ್ತು ವರ್ಷ ಬಿಡಲಿಲ್ಲ. ಅವನು ತೀರಿಕೊಂಡ ಮೇಲೆ 1871ರಲ್ಲಿ ಕಾನೂನು ಆಗಿ ಬಯಲು ಜನರಿಗೆ ಉಳಿಯಿತು. ಅದೇ ವರ್ಷ ಬ್ಯಾಂಕ್ ಹಾಲಿಡೇ ಕಾನೂನೂ ಬಂತು. ಜಾಗ ಸಿಕ್ಕಿತು, ರಜೆಯೂ ಸಿಕ್ಕಿತು. ರಜಾ ಸೋಮವಾರಗಳಂದು ಕೆಲಸಗಾರರ ಕುಟುಂಬಗಳು ಹೀತ್‌ನಲ್ಲಿ ಕಿಕ್ಕಿರಿದು ತುಂಬುತ್ತಿದ್ದವು. ಊರಿನ ಈಶಾನ್ಯಕ್ಕೆ ಎಪಿಂಗ್ ಕಾಡು ಇದೆ. ಲೌಟನ್ ಊರಿನ ಕೂಲಿಯವರಿಗೆ ಅಲ್ಲಿ ಚಳಿಗಾಲದಲ್ಲಿ ಸೌದೆ ಕಡಿಯುವ ಹಳೆಯ ಹಕ್ಕಿತ್ತು. ಜಮೀನಿನ ಒಡೆಯರು ಬೇಲಿ ಹಾಕಿದರು. ವಿಲ್ಲಿಂಗೇಲ್ ಎಂಬ ಮನೆತನದವರು ಬೇಲಿ ಲೆಕ್ಕಿಸದೆ ಸೌದೆ ಕಡಿದು 1866ರಲ್ಲಿ ಜೈಲು ಸೇರಿದರು. ಅಲ್ಲಿಂದ ಬೆಳೆದ ಗಲಾಟೆ 1878ರ ಕಾಯ್ದೆಯಲ್ಲಿ ಮುಗಿದು ಕಾಡು ಎಲ್ಲರ ವಿಹಾರಕ್ಕೆ ಉಳಿಯಿತು. ಸೆಂಟ್ರಲ್ ಲೈನ್ ರೈಲು ಹತ್ತಿ ಲೌಟನ್‌ನಲ್ಲಿ ಇಳಿದರೆ ಕಾಡಿಗೆ ನಡೆದೇ ಹೋಗಬಹುದು. ದಕ್ಷಿಣದಲ್ಲಿರುವವರಿಗೆ ಹಾನರ್ ಓಕ್ ಪಾರ್ಕ್ ಸ್ಟೇಷನ್ ಪಕ್ಕದ ಒನ್ ಟ್ರೀ ಹಿಲ್. ಒಂದು ಗಾಲ್ಫ್ ಕ್ಲಬ್ಬು ಗುಡ್ಡಕ್ಕೆ ಬೇಲಿ ಹಾಕಿಕೊಂಡಾಗ 1897ರಲ್ಲಿ ಸಾವಿರಾರು ಜನ ಸೇರಿ ದೊಡ್ಡ ಗಲಾಟೆಯೇ ಆಯಿತು. 1905ರಲ್ಲಿ ಗುಡ್ಡ ಸಾರ್ವಜನಿಕ ಪಾರ್ಕಾಯಿತು. ಚಿಕ್ಕ ಗುಡ್ಡ, ಹತ್ತಲು ಹತ್ತು ನಿಮಿಷವೂ ಬೇಡ.

ಜಾಗದ ಮಾತಾಯಿತು. ಆದರೆ ಬಿಡುವು ಅಂದರೆ ಹೊತ್ತೂ ಬೇಕಲ್ವಾ?

ಇಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 9:20ರ ಸುಮಾರಿಗೆ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೂ ಮೊದಲೇ. ಬೇಸಿಗೆಯಲ್ಲಿ ಆಫೀಸು ಮುಗಿಸಿ ಬಂದ ಮೇಲೂ ಇನ್ನೊಂದು ಅರ್ಧ ದಿನ ಬಾಕಿ ಇರುತ್ತದೆ. ಹೊಸಬರು ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮನೆಗೆ ಹೋಗಿ ಪರದೆ ಎಳೆದು ಫೋನು ಹಿಡಿದು ಕೂರುತ್ತಾರೆ. ಅಷ್ಟು ಬೆಳಕು ಸಂಜೆಗೆ ಸಿಗುವುದರ ಹಿಂದೆಯೂ ಒಬ್ಬ ಮನುಷ್ಯನ ಹಟ ಇದೆ.

ಅವನ ಹೆಸರು ವಿಲಿಯಂ ವಿಲೆಟ್. ಲಂಡನ್ನಿನಲ್ಲಿ ಮನೆ ಕಟ್ಟಿಸುತ್ತಿದ್ದ ಬಿಲ್ಡರ್. ಬೇಸಿಗೆಯ ಬೆಳಗ್ಗೆ ಕುದುರೆ ಸವಾರಿ ಹೋಗುವಾಗ, ಸೂರ್ಯ ಯಾವಾಗಲೋ ಹುಟ್ಟಿದ್ದರೂ ಎಲ್ಲರ ಮನೆಯ ಕಿಟಕಿ ಪರದೆಗಳು ಮುಚ್ಚಿರುವುದನ್ನು ನೋಡಿ ಹೊಟ್ಟೆ ಉರಿದುಕೊಂಡ. ಬೆಳಗ್ಗೆ ಯಾರಿಗೂ ಬೇಡದ ಈ ಬೆಳಕನ್ನು ಸಂಜೆಗೆ ತಳ್ಳಿದರೆ ದುಡಿದು ಬಂದವರು ಹೊರಗೆ ಅಡ್ಡಾಡಬಹುದಲ್ಲ ಅಂತ ಅವನ ವಾದ. 1907ರಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿ ಹಂಚಿದ. ಏಪ್ರಿಲ್‌ನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಗಡಿಯಾರ ಮುಂದಕ್ಕೆ ಇಡಿ, ಸೆಪ್ಟೆಂಬರ್‌ನಲ್ಲಿ ಅದೇ ರೀತಿ ಹಿಂದಕ್ಕೆ ತನ್ನಿ ಎಂದ. ಜನ ನಕ್ಕರು. ಪಾರ್ಲಿಮೆಂಟು ಒಪ್ಪಲಿಲ್ಲ. ಅವನು ಗಾಲ್ಫ್ ಹುಚ್ಚಿನವನೂ ಆಗಿದ್ದ. ಹಾಗಾಗಿ ಪೂರಾ ಪರೋಪಕಾರ ಅಂತ ನಾನೇನೂ ಹೇಳುವುದಿಲ್ಲ. 1915ರಲ್ಲಿ ತೀರಿಕೊಂಡ. ಮರುವರ್ಷವೇ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವ ಕಾನೂನು ಬಂತು. ಅದೂ ಜನರ ಸಂಜೆಗಾಗಿ ಅಲ್ಲ, ಯುದ್ಧಕಾಲದಲ್ಲಿ ಕಲ್ಲಿದ್ದಲು ಉಳಿಸಲು. ಜರ್ಮನಿ ಮೊದಲು ಮಾಡಿತು, ಇವರು ಹಿಂದೆಯೇ ಮಾಡಿದರು.

ಊರಿನ ಆಗ್ನೇಯ ಅಂಚಿನಲ್ಲಿ ಪೆಟ್ಸ್ ವುಡ್ ಎಂಬ ಜಾಗ ಇದೆ. ಅಲ್ಲಿನ ಕಾಡಿನಲ್ಲಿ ವಿಲೆಟ್ ನೆನಪಿಗೆ ಒಂದು ಕಲ್ಲು ನಿಲ್ಲಿಸಿ ಅದರಲ್ಲಿ ನೆರಳು ಗಡಿಯಾರ ಕೂರಿಸಿದ್ದಾರೆ. ಮಜಾ ಏನೆಂದರೆ ಆ ಗಡಿಯಾರ ವರ್ಷಪೂರ್ತಿ ಬೇಸಿಗೆಯ ಸಮಯವನ್ನೇ ತೋರಿಸುತ್ತದೆ. ಚಳಿಗಾಲದಲ್ಲಿ ಹೋದರೆ ನಿಮ್ಮ ಕೈಗಡಿಯಾರಕ್ಕಿಂತ ಒಂದು ಗಂಟೆ ಮುಂದೆ.

ಇನ್ನು ಸಣ್ಣ ಪುಟ್ಟ ಶೋಧಗಳು. ನನಗೆ ಇದರ ಚಟವೇ ಇದೆ, ಸ್ವಲ್ಪ ಸಹಿಸಿಕೊಳ್ಳಿ.

ರೀಜೆಂಟ್ಸ್ ಕಾಲುವೆ ಗೊತ್ತಲ್ಲ, ಪ್ಯಾಡಿಂಗ್ಟನ್ ಹತ್ತಿರದಿಂದ ಕ್ಯಾಮ್ಡನ್ ಮೇಲೆ ಹಾದು ಲೈಮ್‌ಹೌಸ್‌ವರೆಗೆ ಹೋಗುವುದು. 1820ರಲ್ಲಿ ಪೂರ್ತಿಯಾಯಿತು. ಸುಮಾರು 14 ಕಿಲೋಮೀಟರ್. ಇದರ ದಡದಲ್ಲಿ ನಾವು ಈಗ ನಡೆಯುವ ಓಣಿ ಆಗ ಕುದುರೆಗಳದ್ದು. ಕುದುರೆ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ಸೇತುವೆಯ ಕೆಳಗೆ ತಿರುವಿನಲ್ಲಿ ಒದ್ದೆ ಹಗ್ಗ ಕಬ್ಬಿಣಕ್ಕೆ ಉಜ್ಜುತ್ತಿತ್ತು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಕಬ್ಬಿಣದಲ್ಲೇ ಬೆರಳು ಇಳಿಯುವಷ್ಟು ಗೀರುಗಳು ಬಿದ್ದಿವೆ. ರೀಜೆಂಟ್ಸ್ ಪಾರ್ಕಿನ ಉತ್ತರಕ್ಕೆ ಮ್ಯಾಕಲ್ಸ್‌ಫೀಲ್ಡ್ ಸೇತುವೆ ಇದೆ. ಅದರ ಕಂಬಗಳನ್ನು ಮುಟ್ಟಿ ನೋಡಿ. ಗೀರು ಕಾಲುವೆ ಕಡೆಗೆ ಇರಬೇಕು, ಸರಿ. ಆದರೆ ಹಿಂಬದಿಯಲ್ಲೂ ಇವೆ! ಹಗ್ಗ ತಾಗಲು ಸಾಧ್ಯವೇ ಇಲ್ಲದ ಕಡೆ. ಯಾಕೆ? 1874ರ ಅಕ್ಟೋಬರ್ 2ರ ಬೆಳಗಿನ ಜಾವ ಮದ್ದಿನಪುಡಿ ತುಂಬಿದ್ದ ದೋಣಿಯೊಂದು ಸರಿಯಾಗಿ ಈ ಸೇತುವೆಯ ಕೆಳಗೆ ಸಿಡಿಯಿತು. ದೋಣಿಯಲ್ಲಿದ್ದ ಮೂವರು ಸತ್ತರು, ಸೇತುವೆ ಕುಸಿಯಿತು. ಕಂಬಗಳು ಮಾತ್ರ ಗಟ್ಟಿಯಾಗಿದ್ದವು. ಅವನ್ನೇ ಎತ್ತಿ ನಿಲ್ಲಿಸುವಾಗ ಸವೆಯದ ಮೈ ಕಾಲುವೆ ಕಡೆಗೆ ಬರಲಿ ಎಂದು ತಿರುಗಿಸಿ ಇಟ್ಟರು. ಮತ್ತೆ ಹಗ್ಗ ಉಜ್ಜಲು ಶುರುವಾಯಿತು. ಹಾಗಾಗಿ ಒಂದು ಬದಿ ಸ್ಫೋಟಕ್ಕಿಂತ ಮುಂಚಿನ ಗೀರು, ಇನ್ನೊಂದು ಬದಿ ಆಮೇಲಿನದು. ಇದನ್ನು ಯಾವ ಟೂರು ಬಸ್ಸೂ ತೋರಿಸುವುದಿಲ್ಲ.

ಆ ಕಡೆ ಹೋದವರು ಪ್ರಿಮ್‌ರೋಸ್ ಹಿಲ್ ದಾಟಿ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಮನೆಗೂ ಹೋಗಿಬನ್ನಿ. 1921-22ರಲ್ಲಿ ಓದುವಾಗ ಅಂಬೇಡ್ಕರ್ ಇದ್ದ ಮನೆ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡುಕೊಂಡಿತು, ಈಗ ಮ್ಯೂಸಿಯಂ ಆಗಿದೆ. ಬಸವಣ್ಣನ ಪ್ರತಿಮೆ ಇರುವುದು ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ. ನಿಮಗೆಲ್ಲ ಗೊತ್ತು, ಫೋಟೊ ಕೂಡ ಆಗಿರುತ್ತದೆ. ಫೋಟೊ ಆದ ಮೇಲೆ ಹಾಗೇ ನದಿಯ ಪಕ್ಕದಲ್ಲಿ ಎಡಕ್ಕೋ ಬಲಕ್ಕೋ ನಡೆಯಿರಿ ಅನ್ನುವುದಷ್ಟೇ ನನ್ನ ಸೇರ್ಪಡೆ. ಥೇಮ್ಸ್ ಪಾತ್ ಅಲ್ಲೇ ಹಾದುಹೋಗುತ್ತದೆ.

ಪೆಕ್ಕಮ್, ಬ್ರಿಕ್ಸ್‌ಟನ್, ಓವಲ್ ಕಡೆ ಮನೆ ಮಾಡಿರುವವರು ಹಳೆಯ ಕೌನ್ಸಿಲ್ ಫ್ಲ್ಯಾಟುಗಳ, ಅಂದರೆ ಸ್ಥಳೀಯ ಆಡಳಿತ ಕಟ್ಟಿಸಿದ ಮನೆಗಳ ಮುಂದಿನ ಬೇಲಿಯನ್ನು ಗಮನಿಸಿ. ಕೆಲವು ಕಡೆ ಕಪ್ಪು ಬಣ್ಣದ ಕೊಳವೆ, ನಡುವೆ ತಂತಿ ಜಾಲರಿ. ಎರಡೂ ತುದಿಯಲ್ಲಿ ಕೊಳವೆ ಸ್ವಲ್ಪ ಬಾಗಿರುತ್ತದೆ. ಬೇಲಿಗೆ ಈ ಬಾಗು ಯಾಕೆ? ಏಕೆಂದರೆ ಅದು ಬೇಲಿಯಾಗಿ ಹುಟ್ಟಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಯಲ್ಲಿ ಗಾಯಗೊಂಡವರನ್ನು ಹೊರಲು ಮಾಡಿಸಿದ ಸ್ಟ್ರೆಚರ್‌ಗಳು ಅವು. ವಿಷದ ಗ್ಯಾಸಿನ ದಾಳಿಯಾದರೆ ತೊಳೆಯಲು ಸುಲಭ ಎಂದು ಬಟ್ಟೆಯ ಬದಲು ತಂತಿ ಜಾಲರಿ ಹಾಕಿದ್ದರು. ನೆಲಕ್ಕೆ ಇಟ್ಟಾಗ ಕಾಲಿನಂತೆ ನಿಲ್ಲಲು ಆ ಬಾಗು. ಯುದ್ಧಕ್ಕಾಗಿ ಊರಿನ ಕಬ್ಬಿಣದ ಬೇಲಿಗಳನ್ನೆಲ್ಲ ಕಿತ್ತಿದ್ದರು. ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಸ್ಟ್ರೆಚರ್ ಉಳಿದಿದ್ದವು. ಅಡ್ಡ ನಿಲ್ಲಿಸಿ ಬೆಸುಗೆ ಹಾಕಿದರು.

ರಸ್ತೆ ದಾಟುವ ಬಟನ್ ಪೆಟ್ಟಿಗೆಯ ಅಡಿಗೆ ಕೈ ಹಾಕಿ ನೋಡಿ. ಎಷ್ಟೋ ಕಡೆ ಒಂದು ಪುಟ್ಟ ಶಂಕುವಿನಾಕಾರದ ತಿರುಗಣಿ ಸಿಗುತ್ತದೆ. ಸಿಗ್ನಲ್‌ನಲ್ಲಿ ಹಸಿರು ಮನುಷ್ಯನ ದೀಪ ಬಂದಾಗ ಅದು ತಿರುಗುತ್ತದೆ. ಕಣ್ಣು ಕಾಣದವರಿಗೆ, ಅದರಲ್ಲೂ ಕಿವಿಯೂ ಕೇಳಿಸದವರಿಗೆ ದಾಟಬಹುದು ಎಂದು ತಿಳಿಸಲು ಮಾಡಿದ್ದು. ಎಷ್ಟೋ ವರ್ಷದಿಂದ ಇಲ್ಲೇ ಇರುವವರಿಗೂ ಇದು ಗೊತ್ತಿರುವುದಿಲ್ಲ. ಮಕ್ಕಳಿಗೆ ಒಮ್ಮೆ ತೋರಿಸಿದರೆ ಮುಗಿಯಿತು, ಪ್ರತಿ ಸಿಗ್ನಲ್‌ನಲ್ಲೂ ನಿಲ್ಲಬೇಕಾಗುತ್ತದೆ.

ಮಧ್ಯಾಹ್ನದ ಊಟದ ಹೊತ್ತನ್ನು ಡೆಸ್ಕಿನಲ್ಲೇ ಕಳೆಯುವವರಿಗೆ ಒಂದು ಮಾತು. ಸಿಟಿ, ಅಂದರೆ ಬ್ಯಾಂಕುಗಳೇ ತುಂಬಿರುವ ಹಳೆಯ ಲಂಡನ್ನಿನ ಕಡೆ ಕೆಲಸ ಮಾಡುವವರ ಆಫೀಸಿನಿಂದ ಐದು ನಿಮಿಷದಲ್ಲಿ ಒಂದು ಹಳೆಯ ಚರ್ಚಿನ ಅಂಗಳ ಇದ್ದೇ ಇರುತ್ತದೆ. ಹುಲ್ಲು, ನಾಲ್ಕು ಬೆಂಚು, ಗೋಡೆಗೆ ಒರಗಿಸಿದ ಸಮಾಧಿ ಕಲ್ಲುಗಳು. ಹೌದು, ಅವು ಸ್ಮಶಾನಗಳೇ. 1850ರ ದಶಕದಲ್ಲಿ ಊರೊಳಗೆ ಹೂಳುವುದನ್ನು ನಿಲ್ಲಿಸಿದರು. ಆಮೇಲೆ 1884ರಲ್ಲಿ ಇಂಥ ಹಳೆಯ ಸ್ಮಶಾನಗಳಲ್ಲಿ ಕಟ್ಟಡ ಕಟ್ಟುವಂತಿಲ್ಲ ಎಂಬ ಕಾನೂನು ಬಂತು. ಲೋಕದಲ್ಲೇ ಅತಿ ದುಬಾರಿ ನೆಲಗಳ ನಡುವೆ ಹುಲ್ಲು ಉಳಿದದ್ದು ಹೀಗೆ.

ಅವುಗಳಲ್ಲಿ ಸೇಂಟ್ ಪಾಲ್ಸ್ ಉತ್ತರಕ್ಕಿರುವ ಪೋಸ್ಟ್‌ಮನ್ಸ್ ಪಾರ್ಕ್ ನನಗೆ ಬಹಳ ಹಿಡಿಸಿದ್ದು. 1880ರಲ್ಲಿ ತೆರೆದರು. ಪಕ್ಕದ ದೊಡ್ಡ ಅಂಚೆ ಕಚೇರಿಯ ನೌಕರರು ಇಲ್ಲಿ ಕೂತು ಊಟ ಮಾಡುತ್ತಿದ್ದರು, ಅದಕ್ಕೇ ಆ ಹೆಸರು. ಅದರೊಳಗೆ ಒಂದು ಮರದ ಚಾವಡಿ. ಗೋಡೆ ತುಂಬ ಟೈಲುಗಳು. ಚಿತ್ರಕಾರ ಜಾರ್ಜ್ ಫ್ರೆಡರಿಕ್ ವಾಟ್ಸ್ ಮಾಡಿಸಿದ್ದು, 1900ರಲ್ಲಿ ತೆರೆಯಿತು. ಬೇರೆಯವರನ್ನು ಉಳಿಸಲು ಹೋಗಿ ತಾವೇ ಸತ್ತ ಸಾಮಾನ್ಯ ಜನರ ಹೆಸರುಗಳು ಅಲ್ಲಿವೆ. ಆಲಿಸ್ ಏರ್ಸ್ ಎಂಬ ಯುವತಿ ಕೂಲಿಯವನ ಮಗಳು. 1885ರಲ್ಲಿ ಉರಿಯುತ್ತಿದ್ದ ಮನೆಯಿಂದ ಮೂರು ಮಕ್ಕಳನ್ನು ಉಳಿಸಿ ಸತ್ತಳು. 120 ಫಲಕಗಳಿಗೆ ಜಾಗ ಬಿಟ್ಟಿದ್ದರು, ಅರ್ಧಕ್ಕಿಂತ ಹೆಚ್ಚು ಇನ್ನೂ ಖಾಲಿ. ದಿನಕ್ಕೆ ಒಂದೆರಡು ಫಲಕ ಓದಿ, ಸಾಕು. ಒಂದೇ ಸಲ ಎಲ್ಲ ಓದಿದರೆ ಊಟ ಸೇರುವುದಿಲ್ಲ.

ಮ್ಯೂಸಿಯಂಗಳಿಗೂ ಇದೇ ಸಲಹೆ ಕೊಡುತ್ತೇನೆ. 2001ರ ಡಿಸೆಂಬರ್‌ನಿಂದ ಇಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ಆದರೂ ನಮ್ಮವರು ದೂರದಿಂದ ಬಂದ ನೆಂಟರ ಜೊತೆ ಹೋಗಿ ಒಂದೇ ದಿನದಲ್ಲಿ ಎಲ್ಲ ಮುಗಿಸುವ ಹಟಕ್ಕೆ ಬೀಳುತ್ತಾರೆ. ಕಾಲು ನೋವು ಬಿಟ್ಟು ಏನೂ ಉಳಿಯುವುದಿಲ್ಲ. ಉಚಿತ ಅಂದರೆ ಹತ್ತು ನಿಮಿಷಕ್ಕೆ ಹೋಗಿ ಬರಬಹುದು ಅಂತಲೂ ಅಲ್ವಾ? ಯುದ್ಧಕಾಲದಲ್ಲಿ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ವೇಲ್ಸ್‌ಗೆ ಸಾಗಿಸಿ, ಆಮೇಲೆ ಅಲ್ಲಿನ ಒಂದು ಗಣಿಯೊಳಗೆ ಅಡಗಿಸಿಟ್ಟರು. ಖಾಲಿ ಕಟ್ಟಡದಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ 1939ರಿಂದ 1946ರವರೆಗೆ ಮಧ್ಯಾಹ್ನದ ಕಛೇರಿಗಳನ್ನು ನಡೆಸಿದರು. ಟಿಕೆಟ್ ಒಂದು ಶಿಲ್ಲಿಂಗ್. ಜನ ಒಂದಾದರೂ ಚಿತ್ರ ನೋಡಬೇಕು ಎಂದಾಗ 1942ರಿಂದ ತಿಂಗಳಿಗೆ ಒಂದು ಚಿತ್ರವನ್ನು ಗಣಿಯಿಂದ ತರಿಸಿ ತೂಗುಹಾಕಿದರು. ಆ ಒಂದನ್ನು ನೋಡಲು ಜನ ಬರುತ್ತಿದ್ದರು. ಶುಕ್ರವಾರ ಈ ಗ್ಯಾಲರಿ ರಾತ್ರಿ 9ರವರೆಗೆ ತೆರೆದಿರುತ್ತದೆ. ಟ್ರಫಾಲ್ಗರ್ ಸ್ಕ್ವೇರ್ ಮೇಲೆ ಹಾದುಹೋಗುವವರು ಒಳಗೆ ಹೋಗಿ ಒಂದು ಚಿತ್ರ ನೋಡಿಕೊಂಡು ಹೊರಗೆ ಬನ್ನಿ.

ಎಲ್ಲವೂ ಚೆನ್ನಾಗಿದೆ ಅಂತ ಹೇಳಿ ಹೊರಟುಬಿಟ್ಟರೆ ತಪ್ಪಾಗುತ್ತದೆ. ಚೌಕದಂತೆ ಕಾಣುವುದೆಲ್ಲ ಸಾರ್ವಜನಿಕವಲ್ಲ. ಸೇಂಟ್ ಪಾಲ್ಸ್ ಪಕ್ಕದ ಪ್ಯಾಟರ್ನಾಸ್ಟರ್ ಚೌಕ ಖಾಸಗಿ ಜಾಗ. ಹೊಸದಾಗಿ ಎದ್ದ ಗಾಜಿನ ಕಟ್ಟಡಗಳ ನಡುವಿನ ಎಷ್ಟೋ ಅಂಗಳಗಳೂ ಹಾಗೇ. ಬೆಂಚು ಇದೆ, ಕಾರಂಜಿ ಇದೆ, ಆದರೆ ನಿಯಮ ಮಾಡುವವರು ಮಾಲೀಕರು. ಅಲ್ಲಿ ಬೇಲಿ ಕಾಣುವುದಿಲ್ಲ, ಹಾಗಾಗಿ ಕೀಳುವವರೂ ಇಲ್ಲ. ನನಗೆ ಇದು ಹಳೆಯ ಬೇಲಿಗಳಿಗಿಂತ ಜಾಸ್ತಿ ಕಿರಿಕಿರಿ ಅನ್ನಿಸುತ್ತದೆ. ಇನ್ನು ಥೇಮ್ಸ್ ದಡದಲ್ಲಿ ನೀರು ಇಳಿದಾಗ ಹೊಗೆಸೊಪ್ಪು ಸೇದುತ್ತಿದ್ದ ಹಳೆಯ ಮಣ್ಣಿನ ಚಿಲುಮೆಯ ತುಂಡುಗಳು ಕಾಣುತ್ತವೆ. ಆಸೆಯಾಗುತ್ತದೆ. ಆದರೆ ಹುಡುಕಲು ಲಂಡನ್ ಬಂದರು ಪ್ರಾಧಿಕಾರದ ಪರವಾನಗಿ ಬೇಕು, ಅಗೆಯದೆ ಬರೀ ಕಣ್ಣಲ್ಲಿ ಹುಡುಕಿದರೂ ಬೇಕು. ನೀರು ಏರುವುದೂ ಜೋರು. ಹೊತ್ತು ನೋಡಿಕೊಳ್ಳದೆ ಇಳಿಯಬೇಡಿ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ಸರ್, ನಮ್ಮ ಮಗನಿಗೆ ಆರು ವರ್ಷ. ಕೋರ್ಟು, ಕಾನೂನು ಅಂದರೆ ಅವನಿಗೇನು ಗೊತ್ತಾಗುತ್ತೆ? ಎಲ್ಲಿಂದ ಶುರು ಮಾಡಲಿ?"

ಗ್ರೀನಿಚ್ ಸುರಂಗದಿಂದ ಶುರು ಮಾಡಿ ಅಂದೆ. ಥೇಮ್ಸ್ ನದಿಯ ಅಡಿಯಲ್ಲಿ ನಡೆದುಹೋಗುವ ದಾರಿ. 1902ರಲ್ಲಿ ತೆರೆದರು. ದಕ್ಷಿಣ ದಡದಲ್ಲಿ ಮನೆ, ಉತ್ತರ ದಡದ ಹಡಗುಕಟ್ಟೆಯಲ್ಲಿ ಕೆಲಸ, ನಡುವೆ ನದಿ. ಮಂಜು ಬಿದ್ದರೆ ದೋಣಿ ಇಲ್ಲ, ದೋಣಿ ಇದ್ದರೂ ಕಾಸು ಕೊಡಬೇಕು. ಆ ಕೆಲಸಗಾರರಿಗಾಗಿ, ಕಾರ್ಮಿಕ ಮುಖಂಡ ವಿಲ್ ಕ್ರೂಕ್ಸ್ ಬೆನ್ನು ಹತ್ತಿ ಮಾಡಿಸಿದ್ದು. ಸುಮಾರು 370 ಮೀಟರ್ ಉದ್ದ, ಬಿಳಿ ಟೈಲುಗಳು. ಕೂಗಿದರೆ ಚೆನ್ನಾಗಿ ಮಾರ್ದನಿ ಬರುತ್ತದೆ. ನಿಮ್ಮ ಮಗ ಮೊದಲು ಮಾಡುವುದೇ ಅದನ್ನು. ಮಾಡಲಿ. ಸೈಕಲ್ ಇದ್ದರೆ ತಳ್ಳಿಕೊಂಡು ಹೋಗಬೇಕು. ಮಗುವಿನ ಗಾಡಿ ಇದ್ದರೆ ಲಿಫ್ಟ್ ನಡೆಯುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಸುತ್ತು ಮೆಟ್ಟಿಲು ಬಹಳ. ಐಲ್ಯಾಂಡ್ ಗಾರ್ಡನ್ಸ್ ಕಡೆಯಿಂದ ಇಳಿದು ಗ್ರೀನಿಚ್ ಕಡೆ ಹತ್ತಿದರೆ ಎದುರಿಗೇ ಹಳೆಯ ಕಟಿ ಸಾರ್ಕ್ ಹಡಗು, ಸ್ವಲ್ಪ ಮುಂದೆ ಪಾರ್ಕು.

"ಟಿಕೆಟ್ ಎಷ್ಟು?" ಅಂತ ಹಿಂದಿನ ಸಾಲಿನಿಂದ ಇನ್ನೊಬ್ಬರು ಕೇಳಿದರು. ಸುರಂಗಕ್ಕೆ ಏನೂ ಇಲ್ಲ, ಪಾರ್ಕಿಗೂ ಇಲ್ಲ. ಹಡಗಿನೊಳಗೆ ಹೋಗಬೇಕಾದರೆ ಇದೆ.